ಹಗ್ಗ ಮೂರು ಸುತ್ತು

ಅಮ್ಮಸಂದ್ರದ ತೋಟಗಳಲ್ಲಿ ಮನೆಯ ಕಡೆಗೆ ವಾಲಿಕೊಂಡ ಮುದಿ ತೆಂಗಿನ ಮರವನ್ನು ಕೆಡವುವಾಗ ಸ್ವಲ್ಪ ಹೊತ್ತು ನಿಂತು ನೋಡಿ. ಮರದ ತಲೆಗೆ ಕಟ್ಟಿದ ಹಗ್ಗವನ್ನು ಯಾರೂ ಬರಿಗೈಯಲ್ಲಿ ಹಿಡಿದು ನಿಲ್ಲುವುದಿಲ್ಲ. ಪಕ್ಕದ ಗಟ್ಟಿ ಮರವೊಂದಕ್ಕೆ ಅದನ್ನು ಎರಡು ಮೂರು ಸುತ್ತು ಸುತ್ತಿ, ಉಳಿದ ತುದಿಯನ್ನು ಒಬ್ಬ ಹುಡುಗನ ಕೈಗೆ ಕೊಡುತ್ತಾರೆ. ಹುಡುಗ ಬಿಗಿ ಹಿಡಿದರೆ ಹಗ್ಗ ನಿಂತಿತು, ಸಡಿಲ ಬಿಟ್ಟರೆ ಜಾರಿತು. ಅಷ್ಟು ಭಾರವನ್ನು ಆ ಹುಡುಗ ತಡೆದದ್ದಲ್ಲ, ತಡೆದದ್ದು ತೊಗಟೆ.

ಈ ಸುತ್ತಿನ ಲೆಕ್ಕವನ್ನು ಹದಿನೆಂಟನೇ ಶತಮಾನದಲ್ಲಿ ಗಣಿತಜ್ಞ ಆಯ್ಲರ್ ಬರೆದಿಟ್ಟ. ಹಗ್ಗಕ್ಕೂ ತೊಗಟೆಗೂ ನಡುವೆ ಘರ್ಷಣೆಯ ಗುಣಾಂಕ 0.4 ಎಂದಿಟ್ಟುಕೊಳ್ಳೋಣ. ಆ ಕಡೆ 1000 ಕಿಲೋ ಭಾರದ ಎಳೆತವಿದ್ದರೆ, ಒಂದು ಸುತ್ತು ಹಾಕಿದಾಗ ಈ ಕಡೆ ಹಿಡಿಯಬೇಕಾದ್ದು ಸುಮಾರು 80 ಕಿಲೋ. ಎರಡು ಸುತ್ತಿಗೆ ಆರೂವರೆ ಕಿಲೋ. ಮೂರನೆಯ ಸುತ್ತಿಗೆ ಅರ್ಧ ಕಿಲೋ! ಪ್ರತಿ ಸುತ್ತೂ ಹಿಂದಿನದನ್ನು ಹನ್ನೆರಡರಿಂದ ಭಾಗಿಸುತ್ತಾ ಹೋಗುತ್ತದೆ. ಮರ ದಪ್ಪವೋ ಸಣ್ಣದೋ ಎಂಬುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ ಎನ್ನುವುದು ಇನ್ನೂ ಸೋಜಿಗ. ಅದು ಮುರಿಯದಿದ್ದರೆ ಸಾಕು.

ಇದೇ ವಿದ್ಯೆ ಒಂದು ಕಾಲಕ್ಕೆ ಬೇಟೆಯ ಕಾಡಿನಲ್ಲಿಯೂ ನಡೆದಿತ್ತು.

ಬೇಟೆಯೆಂದರೆ ಗುಂಡು ಹಾರುವ ಗಳಿಗೆಯಷ್ಟೇ ಕಥೆಗಳಲ್ಲಿ ಬರುತ್ತದೆ. ಬಿದ್ದ ಪ್ರಾಣಿಯನ್ನು ಕಾಡಿನಿಂದ ಹೊರಗೆ ತರುವ ಪಾಡು ಯಾರಿಗೂ ನೆನಪಿರುವುದಿಲ್ಲ. ಬಲಿತ ಗಂಡು ಚುಕ್ಕೆ ಜಿಂಕೆ 70ರಿಂದ 90 ಕಿಲೋ ತೂಗುತ್ತದೆ. ನಾಲ್ಕೂ ಕಾಲು ಕಟ್ಟಿ ಬೊಂಬಿಗೆ ತೂಗುಹಾಕಿ ಇಬ್ಬರು ಹೊತ್ತರೆ ತಲಾ ಒಂದು ಸಣ್ಣ ಸಿಮೆಂಟ್ ಮೂಟೆಯಷ್ಟು ಹೆಗಲಿಗೆ ಬಂತು. ಜೊತೆಗೆ ತೂಗಾಟ ಬೇರೆ. ಎಳೆದು ತರುವುದಾದರೆ ತಲೆ ಮುಂದಾಗಿಯೇ ಎಳೆಯಬೇಕು. ಕೂದಲು ಮಲಗಿರುವುದು ತಲೆಯಿಂದ ಬಾಲದ ಕಡೆಗೆ. ಹಿಂದುಮುಂದಾಗಿ ಎಳೆದರೆ ಒಂದೊಂದು ಕೂದಲೂ ಎದ್ದು ನೆಲಕ್ಕೆ ಕಚ್ಚುತ್ತದೆ. ಇನ್ನೂರು ಕಿಲೋ ದಾಟುವ ಕಡವೆಯಾದರೆ ಇಬ್ಬರಿಂದ ಆಗುವ ಮಾತಲ್ಲ. ಸ್ಕಾಟ್‌ಲೆಂಡಿನ ಗುಡ್ಡಗಳಲ್ಲಿ ಇದಕ್ಕೆಂದೇ ಕುಳ್ಳ ಕುದುರೆಗಳನ್ನು ಸಾಕಿದರು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಆ ಹೊರೆಯೇ ಅಪರಾಧದ ಸಾಕ್ಷಿಯಾಯಿತು.

ಆದರೆ ಸತ್ತ ಜಿಂಕೆ ಒದೆಯುವುದಿಲ್ಲ. ಮೈಸೂರು ಸೀಮೆಯವರು ಕಾಡಿನಿಂದ ಎಳೆದು ತಂದದ್ದು ಮೂರು ನಾಲ್ಕು ಟನ್ನಿನ ಜೀವಂತ ಆನೆಗಳನ್ನು.

ಹೈದರಾಲಿ ಕಾಕನಕೋಟೆಯಲ್ಲಿ ಆನೆ ಹಿಡಿಯಲು ಹೋಗಿ ಸೋತು, ಇನ್ನು ಯಾರೂ ಈ ಕೆಲಸಕ್ಕೆ ಕೈಹಾಕಬಾರದೆಂದು ಕಲ್ಲಿನಲ್ಲಿ ಶಾಪ ಕೆತ್ತಿಸಿದ್ದನೆಂದು ಸ್ಯಾಂಡರ್‌ಸನ್ ಬರೆದಿದ್ದಾನೆ. ಶಾಪಕ್ಕೆ ಹೆದರದೆ ಕೈಹಾಕಿದವನೂ ಅವನೇ. ನೀರಾವರಿ ಕೆಲಸಕ್ಕೆಂದು ಬಂದ ಈ ಇಂಗ್ಲಿಷ್ ಅಧಿಕಾರಿಯ ಮೊದಲ ಯತ್ನ 1873ರಲ್ಲಿ ಕೈಕೊಟ್ಟಿತು. ಮರುವರ್ಷ ಚಾಮರಾಜನಗರದ ಬಳಿ ಐವತ್ತಕ್ಕೂ ಹೆಚ್ಚು ಆನೆಗಳು ಒಟ್ಟಿಗೆ ಸಿಕ್ಕವು. ಅಲ್ಲಿಂದ ಖೆಡ್ಡಾ ಮೈಸೂರಿನ ಹೆಸರಿಗೆ ಅಂಟಿಕೊಂಡಿತು. ಕಪಿಲಾ ಹೊಳೆ ದಾಟಿಸಿ ಆನೆಗಳನ್ನು ದೊಡ್ಡಿಗೆ ಅಟ್ಟುವ ನೋಟಕ್ಕೆ ವೈಸರಾಯರೂ ರಾಜಕುಮಾರರೂ ಬಂದು ಕೂರುತ್ತಿದ್ದರು.

ಅತಿಥಿಗಳು ಎದ್ದು ಹೋದ ಮೇಲೆ ನಿಜವಾದ ಕೆಲಸ. ಜೇನುಕುರುಬ, ಬೆಟ್ಟಕುರುಬ ಮಾವುತರು ಸಾಕಾನೆಗಳ ಮೇಲೆ ಕೂತು ದೊಡ್ಡಿಯೊಳಗೆ ನುಗ್ಗುತ್ತಿದ್ದರು. ಎರಡು ಸಾಕಾನೆಗಳು ಕಾಡಾನೆಯನ್ನು ಅಕ್ಕಪಕ್ಕದಿಂದ ಒತ್ತಿ ಹಿಡಿದಿರುವಾಗ ಒಬ್ಬ ಕೆಳಗಿಳಿದು, ಹಿಂಗಾಲಿನ ಸಂದಿಯಲ್ಲಿ ಕೂತು ಹಗ್ಗ ಬಿಗಿಯಬೇಕು. (ಆ ಒಬ್ಬನ ಹೆಸರು ಯಾವ ವರದಿಯಲ್ಲೂ ಸುಲಭಕ್ಕೆ ಸಿಗದು.) ಹಗ್ಗದ ಇನ್ನೊಂದು ತುದಿ ಮರಕ್ಕೆ, ಸುತ್ತು ಸುತ್ತಾಗಿ. ಆನೆ ಎಳೆದಷ್ಟೂ ಸುತ್ತು ಮರಕ್ಕೆ ಕಚ್ಚುತ್ತದೆ. ಸುಸ್ತಾದ ಮೇಲೆ ಸಾಕಾನೆಗಳ ನಡುವೆ ಕಟ್ಟಿ ಹೊಳೆಗೆ, ಅಲ್ಲಿಂದ ಶಿಬಿರಕ್ಕೆ.

ಹಗ್ಗದ ಲೆಕ್ಕ ಗೆದ್ದಿತು, ನಿಜ. ಅದೇ ಹಗ್ಗ ಕಾಲಿನ ಚರ್ಮ ಸವೆಸಿ ಗಾಯ ಮಾಡುತ್ತಿತ್ತು. ಗಾಯ ಕೀವುಗೂಡಿ ಶಿಬಿರದಲ್ಲಿ ಸತ್ತ ಆನೆಗಳೂ ಇದ್ದವು. ತೊಗಟೆಗೆ ಒಳ್ಳೆಯದಾದ ಘರ್ಷಣೆ ಕಾಲಿಗೂ ಒಳ್ಳೆಯದಾಗಬೇಕೆಂದಿಲ್ಲವಲ್ಲ.

ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಕಬಿನಿ ಜಲಾಶಯದಲ್ಲಿ ಆ ಕಾಡಿನ ಒಂದು ಭಾಗ ಮುಳುಗಿತು. 1977ರಲ್ಲಿ ಆನೆ ಕಾಯಿದೆಯ ಮೊದಲ ಅನುಸೂಚಿಗೆ ಸೇರಿತು. ಆದರೂ ಆನೆಯನ್ನು ಕಾಡಿನಿಂದ ಎಳೆದು ತರುವುದು ನಿಲ್ಲಲಿಲ್ಲ. ಹಾಸನ, ಕೊಡಗಿನ ಕಾಫಿ ತೋಟಗಳಲ್ಲಿ ಆನೆ ಜನರನ್ನು ಕೊಂದಾಗ, ಬೆಳೆ ತುಳಿದಾಗ ಹಿಡಿಯಲೇಬೇಕೆಂಬ ಒತ್ತಾಯ ಬರುತ್ತದೆ. ಒತ್ತಾಯಿಸುವವರನ್ನು ದೂರುವುದು ತೋಟ ದೂರದಲ್ಲಿರುವವರಿಗೆ ಸುಲಭ.

ಈಗ ಮೊದಲು ಅರಿವಳಿಕೆಯ ಸೂಜಿ, ಆಮೇಲೆ ಹಗ್ಗ. ಇಲ್ಲಿ ಇನ್ನೊಂದು ತೊಡಕಿದೆ. ನಮ್ಮ ಶ್ವಾಸಕೋಶ ಎದೆಗೂಡಿನೊಳಗೆ ತೆಳು ದ್ರವದ ಪದರದ ಮೇಲೆ ಜಾರಾಡುತ್ತದೆ. ಆನೆಯಲ್ಲಿ ಆ ಸಂದು ಇಲ್ಲ. ನಾರಿನಂಥ ಅಂಗಾಂಶ ಶ್ವಾಸಕೋಶವನ್ನು ಎದೆಗೂಡಿಗೆ ಅಂಟಿಸಿಬಿಟ್ಟಿದೆ. ಉಸಿರಿಗೆ ಪಕ್ಕೆಲುಬೂ ವಪೆಯೂ ಅಲುಗಲೇಬೇಕು. ಮತ್ತಿನಲ್ಲಿ ಎದೆಯ ಮೇಲೆ ಕುಸಿದರೆ ತನ್ನ ಭಾರವೇ ತನ್ನ ಉಸಿರು ಕಟ್ಟುತ್ತದೆ. ಅದಕ್ಕೇ ಆನೆ ನಿಂತಂತೆಯೇ ತೂಕಡಿಸುವಷ್ಟು ಮಾತ್ರ ಮದ್ದು ಕೊಡಲು ನೋಡುತ್ತಾರೆ. ಬಿದ್ದರೆ ಪಕ್ಕಕ್ಕೆ ಉರುಳಿಸಲು ಮತ್ತೆ ಸಾಕಾನೆಗಳೇ ಬೇಕು. ಕ್ರೇನು, ಬೆಲ್ಟು, ಲಾರಿ ರಸ್ತೆಯವರೆಗೆ ಬರುತ್ತವೆ. ರಸ್ತೆಯಿಂದ ಒಳಗೆ ಸಾಕಾನೆಯೇ ಗತಿ.

ದಸರೆಯಲ್ಲಿ ಎಂಟು ಸಲ ಚಿನ್ನದ ಅಂಬಾರಿ ಹೊತ್ತ ಅರ್ಜುನ ಅಂಥ ಕೆಲಸದ ಆನೆ. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸಿಕ್ಕವನು. ಅವನನ್ನೂ ಹೀಗೆಯೇ ಹಗ್ಗ ಕಟ್ಟಿ ಹೊರಗೆ ತಂದದ್ದು. ಅಂಬಾರಿ ಇಳಿಸಿ ನಿವೃತ್ತನಾದ ಮೇಲೂ ಕಾಡಾನೆ ಹಿಡಿಯುವ ಕೆಲಸಕ್ಕೆ ಅವನನ್ನು ಕರೆಯುತ್ತಿದ್ದರು. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾರ್ಯಾಚರಣೆಯ ನಡುವೆ ಕಾಡಿನ ಸಲಗವೊಂದು ಅವನ ಮೇಲೆ ಬಿತ್ತು. ಅರವತ್ತು ದಾಟಿದ್ದ ಅರ್ಜುನ ಕಾದಾಡಿ ಅಲ್ಲೇ ಸತ್ತ.

ಅವನನ್ನು ಎಚ್.ಡಿ. ಕೋಟೆಯ ಬಳ್ಳೆ ಶಿಬಿರಕ್ಕೆ ತರಬೇಕಿತ್ತೆಂದು ಆಮೇಲೆ ಹಲವರು ಹೇಳಿದರು. ಐದು ಟನ್ನು ಮೀರಿದ ದೇಹ, ಸುತ್ತ ಕಾಡು. ಬಿದ್ದ ಜಾಗದ ಬಳಿಯೇ ಗುಂಡಿ ತೋಡಿ ಮಣ್ಣು ಮಾಡಿದರು. ಅವನ ಮಾವುತ ಅಲ್ಲಿಂದ ಏಳಲೊಲ್ಲದೆ ಅಳುತ್ತಿದ್ದುದನ್ನು ಟಿ.ವಿ.ಯಲ್ಲಿ ನಾಡೆಲ್ಲ ನೋಡಿತು.