ಬೆಡಿ ಹೊಡವಲ್ಲಿಂದ ಮನೆ ಎಷ್ಟು ದೂರ?

ಕಳುದ ಸರ್ತಿ ಹಲಸಿನಕಾಯಿ ಹಪ್ಪಳದ ಶುದ್ದಿ ಬರದಿತ್ತಿದ್ದೆ. ಈ ಸರ್ತಿ ಬೆಡಿ ಶುದ್ದಿ. "ಇದಕ್ಕೆಂತಗೆ ಬೆಡಿ ಶುದ್ದಿ, ಅದು ಗೆಂಡುಮಕ್ಕಳ ಕೆಲಸ ಅಲ್ಲದೋ" ಹೇಳಿ ನೆಗೆ ಮಾಡೆಡಿ. ಜಾಲಿಲ್ಲಿ ಅಡಕ್ಕೆ ಒಣಗುಸುವ ನವಗೂ ಬೆಡಿಗೂ ಸಂಬಂಧ ಇದ್ದು ಹೇಳಿ ಎನಗೆ ಗೊಂತಾದ್ದು ಹೋದ ವರ್ಷ.

ಎಂಗಳ ಹೊಡೆಲಿ ತೋಟ ಇಪ್ಪ ಸುಮಾರು ಮನೆಗಳಲ್ಲಿ ಬೆಡಿ ಇದ್ದು. ಹಂದಿ, ಮಂಗಂಗಳ ಕಾಟಕ್ಕೆ ಹೇಳಿ ಲೈಸೆನ್ಸ್ ಮಾಡ್ಸಿದ್ದು. ಎಲೆಕ್ಷನ್ ಬಂದಪ್ಪಗ ಸ್ಟೇಷನಿಂಗೆ ಕೊಂಡೋಗಿ ಮಡುಗುದು, ಮುಗುದ ಮತ್ತೆ ವಾಪಾಸು ತಪ್ಪದು. ಎಂಗಳಲ್ಲಿಯೂ ಮಾವನ ಕಾಲದ್ದು ಒಂದು ಇದ್ದು. ಹಾಂಗಾಗಿ ಬೆಡಿಯ ಕಂಡರೇ ಹೆದರುವ ಜೆನ ಆನಲ್ಲ.

ಮನೆ ಹಿಂದಾಣ ಗುಡ್ಡೆಲಿ ಮೊದಲು ಕೆಂಪುಕಲ್ಲು ತೆಗದ ಒಂದು ಕೋರೆ ಇದ್ದು. ಕಲ್ಲು ಮುಗುದು ಆರೇಳು ವರ್ಷ ಆತು. ಹೋದ ವರ್ಷ ಮಳೆ ಬಿಟ್ಟ ಮತ್ತೆ ಊರಿನ ಜವ್ವನಿಗರು ಆಯಿತ್ಯವಾರ ಅಲ್ಲಿ ಸೇರಿ ಬೆಡಿ ಹೊಡದು ಅಭ್ಯಾಸ ಮಾಡ್ಲೆ ಸುರು ಮಾಡಿದವು. ತೆಂಗಿನಕಾಯಿಗೆ ಗುರಿ ಹೊಡವ ಪಂದ್ಯಕ್ಕೆ ತಯಾರಿ ಅಡ. ಕೊಡಗಿಲ್ಲಿ ಸೆಪ್ಟೆಂಬರಿಲ್ಲಿ ಕೈಲ್‌ಪೊಳ್ದ್ ಹಬ್ಬದ ಹೊತ್ತಿಂಗೆ ಬೆಡಿಗೆ ಪೂಜೆ ಮಾಡಿ, ಕಾಯಿಗೆ ಗುಂಡು ಹೊಡವ ಪಂದ್ಯ ಮಡುಗುತ್ತವು. ಅಲ್ಯಾಣವಕ್ಕೆ ಅದು ಹೆರಿಯೋರಿಂದ ಬಂದ ಪದ್ಧತಿ. ಅದರ ನೋಡಿಕ್ಕಿ ಬಂದ ಎಂಗಳ ಊರಿನ ಮಕ್ಕೊಗೂ ಉಮೇದು ಬಂತು. ಎಂಗಳ ಮನೆಯವುದೇ ನೋಡ್ಲೆ ಹೇಳಿ ಹೋಗಿಗೊಂಡಿತ್ತಿದ್ದವು.

ಒಂದು ಆಯಿತ್ಯವಾರ ಉದಿಯಪ್ಪಗ ಆನು ಜಾಲಿಲ್ಲಿ ಅಡಕ್ಕೆ ಹರಗಿಗೊಂಡಿತ್ತಿದ್ದೆ. ನಾಕು ವರ್ಷದ ಪುಳ್ಳಿ ಕೂಸು ಬಚ್ಚಲಿನ ಕರೆಲಿ ಕೂದು ಗೆರಟೆಗೆ ಮಣ್ಣು ತುಂಬುಸಿ ಆಡಿಗೊಂಡಿತ್ತು. ಗುಡ್ಡೆಲಿ "ಢಂ" ಹೇಳಿತ್ತು. ಬೆನ್ನಾರೆಯೇ ಬಚ್ಚಲಿನ ಶೀಟಿಲ್ಲಿ "ಟಣ್". ಕೂಸು ಮೇಲೆ ನೋಡಿ, "ಅಜ್ಜೀ, ಅಡಕ್ಕೆ ಬಿದ್ದತ್ತು" ಹೇಳಿತ್ತು. ಅಲ್ಲಿ ಅಡಕ್ಕೆ ಮರವೇ ಇಲ್ಲೆ. ಹುಡ್ಕುವಗ ಸಿಕ್ಕಿದ್ದು ಹುಳಿ ಬಿತ್ತಿನಷ್ಟು ದೊಡ್ಡ, ಚಪ್ಪಟೆ ಆದ ಸೀಸದ ಚೂರು. ಕೂಸು ಕೂದಲ್ಲಿಂದ ಎರಡು ಮಾರು ದೂರಲ್ಲಿ.

ಮಧ್ಯಾಹ್ನ ಊಟಕ್ಕೆ ಬಂದಪ್ಪಗ ಇವಕ್ಕೆ ತೋರ್ಸಿದೆ. "ಅಷ್ಟು ದೂರಂದ ಬಂದದು, ಶಕ್ತಿ ಕಳಕ್ಕೊಂಡಿರ್ತು. ಎಂತದೂ ಆವ್ತಿತ್ತಿಲ್ಲೆ" ಹೇಳಿದವು. "ಶಕ್ತಿ ಇಲ್ಲದ್ದ ಗುಂಡು ಶೀಟಿಂಗೆ ಗುಳಿ ಮಾಡಿತ್ತನ್ನೆ? ಕೂಸಿನ ತಲೆ ಶೀಟಿಂದ ಗಟ್ಟಿಯೋ?" ಕೇಳಿದೆ. ಇವು ಮಾತಾಡಿದ್ದವಿಲ್ಲೆ. ಆ ಚೂರಿನ ಸಾಸಮೆ ಡಬ್ಬಿಯ ಕರೆಲಿ ಕಟ್ಟಿ ಮಡುಗಿದೆ.

ಶಕ್ತಿ ಕಳಕ್ಕೊಂಡಿರ್ತು ಹೇಳುವವು ತಮಿಳುನಾಡಿನ ಶುದ್ದಿಯ ಒಂದರಿ ನೆಂಪು ಮಾಡಿಗೊಳೆಕು. 2021ರ ಡಿಸೆಂಬರ್ 30ಕ್ಕೆ ಪುದುಕೋಟೆ ಜಿಲ್ಲೆಯ ನಾರ್ತಾಮಲೈಲಿ, ಅಜ್ಜನ ಮನೆಲಿ ಇತ್ತಿದ್ದ 11 ವರ್ಷದ ಮಾಣಿಯ ತಲೆಗೆ ಗುಂಡು ಬಿದ್ದತ್ತು. ಗುಂಡು ಬಂದದು ಒಂದು ಕಿಲೋಮೀಟರಿಂದಲೂ ದೂರ ಇಪ್ಪ ರೇಂಜಿಂದ. ಅಲ್ಲಿ ಆ ದಿನ ಕೇಂದ್ರ ಕೈಗಾರಿಕಾ ಭದ್ರತಾ ಪಡೆಯವರ ಅಭ್ಯಾಸ ಇತ್ತಿದ್ದು. ತಂಜಾವೂರಿನ ಆಸ್ಪತ್ರೆಲಿ ಆಪರೇಷನ್ ಮಾಡಿದವು. 2022ರ ಜನವರಿ 3ಕ್ಕೆ ಮಾಣಿ ತೀರಿಹೋತು. ಸರ್ಕಾರ ಹತ್ತು ಲಕ್ಷ ಕೊಟ್ಟತ್ತು, ಅಲ್ಲಿ ಗುಂಡು ಹೊಡವದರ ನಿಲ್ಸಿದವು. ನಿಲ್ಸಿದ್ದು ಮಾಣಿಗೆ ಗುಂಡು ಬಿದ್ದ ಮತ್ತೆ. ಅದು ತರಬೇತಿ ಆದವು, ಆಫೀಸರುಗೊ ಎಲ್ಲ ಇಪ್ಪ ಜಾಗೆ. ಅಲ್ಲಿಯೇ ಹಾಂಗಾದರೆ ನಮ್ಮ ಕೋರೆಲಿ ಎಂತಕ್ಕು?

ಎನ್ನ ತಮ್ಮನ ಮಗ° ಕಾಲೇಜಿಲ್ಲಿ ಎನ್‌ಸಿಸಿಲಿ ಇತ್ತಿದ್ದ°. ಅವನತ್ರೆ ಕೇಳಿ ತಿಳ್ಕೊಂಡೆ. ಅವು ಕಲಿವ ಸಣ್ಣ .22 ರೈಫಲಿನ ಗುಂಡು, ನೋಡ್ಲೆ ಬೆಂಡೆಕಾಯಿ ಬಿತ್ತಿನಷ್ಟೇ ಇಪ್ಪದು, ತಡವಲೆ ಎಂತದೂ ಇಲ್ಲದ್ದರೆ ಒಂದೂವರೆ ಕಿಲೋಮೀಟರಿಂದಲೂ ದೂರ ಹೋವುತ್ತಡ. ತೋಟೆ ಬೆಡಿಯ ಸಣ್ಣ ಚರೆ ಇನ್ನೂರು-ಮುನ್ನೂರು ಮೀಟರಿಲ್ಲಿ ಬೀಳುಗು, ಹಂದಿಗೆ ಹೇಳಿ ಹಾಕುವ ದೊಡ್ಡದು ಅದರಿಂದಲೂ ದೂರ ಹೋಕು. ಕಲ್ಲಿಂಗೆ, ನೀರಿಂಗೆ ಬಡುದರೆ ಹಾರಿ ಬೇರೆ ದಿಕ್ಕಿಂಗೆ ತಿರುಗುತ್ತು. ಕೋರೆ ಹೇಳಿರೆ ಸುತ್ತ ಕಲ್ಲೇ ಅಲ್ಲದೋ? ಮರಲ್ಲಿ ಎತ್ತರಕ್ಕೆ ಕಟ್ಟಿದ ಕಾಯಿಗೆ ಹೊಡದರೆ, ತಪ್ಪಿದ ಗುಂಡು ಆಕಾಶಲ್ಲಿ ನಿಲ್ಲುತ್ತಿಲ್ಲೆ. ಎಲ್ಲಿಯಾದರೂ ಇಳಿಯಲೇ ಬೇಕು.

ಹಾಂಗೆ ಹೇಳಿ ಬೆಡಿ ಕಲಿವದೇ ಬೇಡ ಹೇಳ್ತಿಲ್ಲೆ ಆನು. 2008ರಲ್ಲಿ ಅಭಿನವ್ ಬಿಂದ್ರಾ ಬೀಜಿಂಗಿಲ್ಲಿ ಚಿನ್ನ ತೆಗದಪ್ಪಗ ನಾವು ಎಲ್ಲ ಟಿವಿ ಎದುರು ಕೂದು ಕೊಶಿ ಪಟ್ಟಿದು. 2024ರಲ್ಲಿ ಪ್ಯಾರಿಸಿಲ್ಲಿ ಮನು ಭಾಕರ್ ಹೇಳುವ ಕೂಸು ಎರಡು ಕಂಚು ತಂತು. ಬಿಂದ್ರಾ ಕಲ್ತದು ಮನೆಲಿಯೇ ಕಟ್ಟಿದ ರೇಂಜಿಲ್ಲಿ! ಅಂಬಗ ಮನೆ ಹತ್ರೆ ಇಪ್ಪದೇ ತಪ್ಪಲ್ಲ. ಅಲ್ಲಿ ಹತ್ತು ಮೀಟರಿನ ಆಟ, ನಾಕು ಗೋಡೆಯ ಒಳ, ಗುರಿಯ ಹಿಂದೆ ಗುಂಡಿನ ಹಿಡಿವ ವ್ಯವಸ್ಥೆ. ಹೆರ ಬಯಲಿಲ್ಲಾದರೆ ಗುರಿಯ ಹಿಂದೆ ಎತ್ತರದ, ಕಲ್ಲಿಲ್ಲದ್ದ ಮಣ್ಣಿನ ಬರೆ ಬೇಕು. ಕೆಂಪು ಬಾವುಟ ಹಾಕೆಕು. "ನಿಲ್ಸಿ" ಹೇಳಿದರೆ ಎಲ್ಲೋರೂ ನಿಲ್ಸುವ ಹಾಂಗಿಪ್ಪ ಒಬ್ಬ ಯೆಜಮಾನ° ಅಲ್ಲಿರೆಕು. ದಿನ, ಹೊತ್ತು ಸುತ್ತಲಾಣ ಮನೆಗೊಕ್ಕೆ ಮೊದಲೇ ಹೇಳೆಕು. ಎಂಗಳ ಕೋರೆಲಿ ಇದರಲ್ಲಿ ಒಂದಾದರೂ ಇತ್ತಿದ್ದೋ? ಇತ್ತಿದ್ದಿಲ್ಲೆ.

ಕಾನೂನುದೇ ಇದ್ದು. ಲೈಸೆನ್ಸ್ ಸಿಕ್ಕಿದ್ದು ಬೆಳೆ ಒಳುಶಲೆ, ಪಂದ್ಯಕ್ಕಲ್ಲ. 2019ರಲ್ಲಿ ತಿದ್ದಿದ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಮದುವೆ, ಜಾತ್ರೆ, ಜೆನ ಸೇರಿದ ಕಾರ್ಯಕ್ರಮಂಗಳಲ್ಲಿ ಬೇರೆಯವರ ಜೀವಕ್ಕೆ ಅಪಾಯ ಅಪ್ಪ ಹಾಂಗೆ ಸಂಭ್ರಮಕ್ಕೆ ಬೆಡಿ ಹೊಡದರೆ ಎರಡು ವರ್ಷದ ವರೆಗೆ ಜೈಲು, ಇಲ್ಲದ್ದರೆ ಒಂದು ಲಕ್ಷದ ವರೆಗೆ ದಂಡ, ಎರಡೂ ಅಪ್ಪಲೂ ಸಾಕು.

ಇನ್ನೊಂದು, ಹೆಮ್ಮಕ್ಕೊಗೇ ಗೊಂತಿರೆಕ್ಕಾದ್ದು. ಗುಂಡು, ಚರೆ ಮಾಡುದು ಸೀಸಲ್ಲಿ. ಸೀಸ ಮಕ್ಕಳ ಬುದ್ಧಿ ಬೆಳವಣಿಗೆಗೆ ವಿಷ. ಬೆಡಿ ಹೊಡದು ಬಂದವು ಕೈ ಮೋರೆ ಸಾಬೂನು ಹಾಕಿ ತೊಳದು, ಅಂಗಿ ಬದಲುಸಿದ ಮತ್ತೆಯೇ ಮಕ್ಕಳ ಎತ್ತೆಕು. ಆ ವಸ್ತ್ರವ ಮಕ್ಕಳ ವಸ್ತ್ರದೊಟ್ಟಿಂಗೆ ಒಗವಲಾಗ. ಮನೆಲಿ ಬೆಡಿ ಖಾಲಿ ಮಾಡಿ ಬೀಗ ಹಾಕಿ ಮಡುಗೆಕು, ತೋಟೆ ಬೇರೆ ಕಪಾಟಿಲ್ಲಿ, ಬೀಗದಕೈ ಬೇರೆ. ಮಾವನ ಕಾಲಂದ ಎಂಗಳ ಬೆಡಿ ಚಾವಡಿಯ ಗೋಡೆಲಿ ಮೊಳೆಗೆ ನೇತುಗೊಂಡಿತ್ತು. ಅದರ ಅಡಿಲಿಯೇ ಎನ್ನ ಮಕ್ಕೊ ಆಡಿ ದೊಡ್ಡಾದವು. ಅದು ಎನ್ನದೇ ತಪ್ಪು. ಈಗ ಅದು ಕಪಾಟಿನ ಒಳ ಹೋತು.

ಮುಂದಾಣ ಆಯಿತ್ಯವಾರ ಆನು, ಆಚಮನೆ ಅಕ್ಕ°, ಕೆಳಾಣ ಮನೆ ಲೀಲಕ್ಕ ಮೂರು ಜೆನ ಕೋರೆಗೆ ಹೋದೆಯೊ°. ಸಾಸಮೆ ಡಬ್ಬಿಯ ಚೂರು ಕೊಂಡೋಗಿತ್ತಿದ್ದೆ. ಜಗಳ ಮಾಡಿದ್ದಿಲ್ಲೆ. "ನಿಂಗೊ ಕಾಯಿ ಕಟ್ಟಿದಲ್ಲಿಂದ ಹಿಂದೆ ನೆಡದು ಬನ್ನಿ ಮಕ್ಕಳೇ" ಹೇಳಿದೆ. ಬಂದವು. ಬಲ್ಲೆ ದಾಂಟಿ ಒಂದೈದು ನಿಮಿಷ ನೆಡದಪ್ಪಗ ಕಂಡದು ಎಂಗಳ ಬಚ್ಚಲಿನ ಶೀಟು, ನೇಲೆಲಿ ಕೂಸಿನ ಅಂಗಿ. ಒಬ್ಬ° ಮಾಣಿ ತಲೆ ತಗ್ಗುಸಿ, "ಇಲ್ಲಿಂದ ಇಷ್ಟು ಹತ್ರೆ ಹೇಳಿ ಗೊಂತಿತ್ತಿಲ್ಲೆ ಅತ್ತೆ" ಹೇಳಿದ°. ಕೋರೆಲಿ ಹೊಡವದು ಆ ದಿನಕ್ಕೆ ನಿಂದತ್ತು. ಪಂದ್ಯ ಮಾಡ್ತರೆ ಪೋಲೀಸಿನವರ ಕೇಳಿ, ಬರೆ ಇಪ್ಪ, ಹಿಂದೆ ಮನೆ ಇಲ್ಲದ್ದ ಜಾಗೆಲಿ ಮಾಡುವ ಹೇಳಿ ಮಾತಾತು. "ಹೆಮ್ಮಕ್ಕೊ ಬಂದು ಆಟ ಹಾಳು ಮಾಡಿದವು" ಹೇಳುವವು ಈಗಳೂ ಇದ್ದವು. ಹೇಳಲಿ.

ಎನಗೆ ಅರ್ಥ ಆದ್ದು ಇಷ್ಟೇ. ಬೆಡಿ ಹಿಡುದವಂಗೆ ಕಾಂಬದು ಗುರಿ ಮಾಂತ್ರ. ಗುರಿಯ ಹಿಂದೆ ಎಂತ ಇದ್ದು ಹೇಳಿ ನೋಡೆಕ್ಕಾದ್ದು ಅಲ್ಲಿ ಬದುಕುವ ನಾವು. ನಿಂಗಳ ಊರಿಲ್ಲಿಯೂ ಹೀಂಗಿಪ್ಪ ಅಭ್ಯಾಸ, ಪಂದ್ಯ ಇದ್ದರೆ ಒಂದರಿ ಗುರಿಯ ಹಿಂದೆ ನೆಡದು ನೋಡಿ. ಆರದ್ದಾದರೂ ಮನೆಯ ಮಾಡು ಕಂಡರೆ ಅದು ಬೆಡಿ ಹೊಡವ ಜಾಗೆ ಅಲ್ಲ. ಹೇಳ್ಲೆ ನಾಚಿಕೆ ಮಾಡೆಡಿ. ಒಬ್ಬನೇ ಹೋಪಲೆ ಹೆದರಿಕೆ ಆದರೆ ಮೂರು ಜೆನ ಹೋಗಿ.

ಆ ಚೂರು ಈಗಳೂ ಸಾಸಮೆ ಡಬ್ಬಿಯ ಕರೆಲಿಯೇ ಇದ್ದು. ಒಗ್ಗರಣೆ ಹಾಕುವಗ ದಿನಾಗಳೂ ಕಾಣ್ತು.