ಮಾಲ್ಡೀವ್ಸ್‌ಗೆ ಸ್ವಂತ ಸೇನೆ ಇಲ್ಲವೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

‘ಮಾಲ್ಡೀವ್ಸ್‌ಗೆ ಸೈನ್ಯವೇ ಇಲ್ಲ, ಆ ದೇಶವನ್ನು ಕಾಯುವುದು ನಮ್ಮ ಯೋಧರು’ ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ನಿಜವೇ? ನೋಡೋಣ.

ವಾಸ್ತವವೇನು?
ಮಾಲ್ಡೀವ್ಸ್‌ಗೆ ತನ್ನದೇ ಸೇನೆಯಿದೆ. ಅದರ ಹೆಸರು ಮಾಲ್ಡೀವ್ಸ್ ನ್ಯಾಷನಲ್ ಡಿಫೆನ್ಸ್ ಫೋರ್ಸ್. ರಾಷ್ಟ್ರಾಧ್ಯಕ್ಷರೇ ಇದರ ಮಹಾದಂಡನಾಯಕರು. ನಮ್ಮಲ್ಲಿರುವಂತೆ ಭೂಸೇನೆ, ನೌಕಾಪಡೆ, ವಾಯುಪಡೆ ಎಂದು ಬೇರೆ ಬೇರೆ ಸೇನೆಗಳಿಲ್ಲ. ಎಲ್ಲವೂ ಒಂದೇ ಪಡೆಯ ವಿಭಾಗಗಳು. ಸುಮಾರು 1,200 ದ್ವೀಪಗಳ ದೇಶವಾದ್ದರಿಂದ ಕೋಸ್ಟ್ ಗಾರ್ಡ್‌ಗೆ ಹೆಚ್ಚು ಕೆಲಸ. ಬೆಂಕಿ ಆರಿಸುವ ಹೊಣೆಯೂ ಇದೇ ಪಡೆಯದ್ದು!

ಹಿಂದೆ ಪೊಲೀಸ್ ಮತ್ತು ಸೈನ್ಯ ಎರಡೂ ಒಂದೇ ಆಗಿದ್ದವು. 2004ರಲ್ಲಿ ಪೊಲೀಸ್ ಬೇರ್ಪಟ್ಟಿತು, 2006ರಲ್ಲಿ ಈಗಿನ ಹೆಸರು ಬಂತು.

ಹಾಗಾದರೆ ಗೊಂದಲ ಏಕೆ?
1988ರ ನವೆಂಬರ್ 3ರಂದು ಬಾಡಿಗೆ ಬಂಟರು ರಾಜಧಾನಿ ಮಾಲೆಗೆ ನುಗ್ಗಿದಾಗ ಅಧ್ಯಕ್ಷ ಗಯೂಮ್ ನೆರವು ಕೋರಿದರು. ಅಂದು ರಾತ್ರಿಯೇ ಆಗ್ರಾದಿಂದ ಹೊರಟ ನಮ್ಮ ಪ್ಯಾರಾ ಯೋಧರು ಅಲ್ಲಿ ಇಳಿದರು. ಅದೇ ‘ಆಪರೇಷನ್ ಕ್ಯಾಕ್ಟಸ್’. ಕೆಲಸ ಮುಗಿದ ಬಳಿಕ ಅವರು ಮರಳಿದರು.

ನಂತರ ಭಾರತ ಕೊಟ್ಟ ಎರಡು ಹೆಲಿಕಾಪ್ಟರ್ ಹಾಗೂ ಒಂದು ಡಾರ್ನಿಯರ್ ವಿಮಾನ ನಡೆಸಲು ನೂರಕ್ಕಿಂತ ಕಡಿಮೆ ಸಿಬ್ಬಂದಿ ಅಲ್ಲಿದ್ದರು. ದೂರದ ದ್ವೀಪಗಳ ರೋಗಿಗಳನ್ನು ಆಸ್ಪತ್ರೆಗೆ ಸಾಗಿಸುವುದು ಅವರ ಮುಖ್ಯ ಕೆಲಸಗಳಲ್ಲೊಂದು. 2024ರ ಮೇ ಹೊತ್ತಿಗೆ ಆ ಸೈನಿಕರೂ ಮರಳಿ, ಅವರ ಜಾಗಕ್ಕೆ ನಾಗರಿಕ ತಂತ್ರಜ್ಞರು ಹೋದರು. ಅಂದಹಾಗೆ, ಆ ಹೆಲಿಕಾಪ್ಟರ್‌ಗಳು ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ಧ್ರುವ.

ನಮ್ಮ ತೀರ್ಮಾನ: ‘ಸೇನೆಯೇ ಇಲ್ಲ’ ಎಂಬುದು ಸುಳ್ಳು. ಕಷ್ಟಕಾಲಕ್ಕೆ ಆದ ನೆರೆಯವರನ್ನು ಮನೆಯ ಕಾವಲುಗಾರರು ಎನ್ನಲಾದೀತೇ?