ಗೋಡೆಯ ಕಂಬಳಿ, ಗದ್ದುಗೆಯ ಕಂಬಳಿ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸೀಮೆಯಲ್ಲಿ ಕಂಬಳಿ ಕೇವಲ ಹೊದಿಕೆಯಲ್ಲ. ಕುರಿಗಾಹಿಗೆ ಅದು ಮಳೆಯಲ್ಲಿ ಕೊಪ್ಪೆ, ಇರುಳಿನಲ್ಲಿ ಹಾಸಿಗೆ, ಶುಭಕಾರ್ಯಗಳಲ್ಲಿ ಗದ್ದುಗೆ. ಅಂತಹ ಕಂಬಳಿ ಇಂದಿನ ಮನೆಗಳ ಗೋಡೆಯನ್ನು ಅಲಂಕರಿಸಿದರೆ ಸಂತೋಷವೇ. ಆದರೆ ನೋಡಿ ಮೆಚ್ಚುವುದಷ್ಟೇ ಕಲಾಭಿಮಾನವೆನಿಸಲಾರದು.

ಕಂಬಳಿಯ ಚೆಲುವು ಉಪಯೋಗದಿಂದಲೇ ಹುಟ್ಟಿದುದು. ಅದರ ಕಪ್ಪು, ಕಂದುಗಳು ಬಣ್ಣದಲ್ಲಿ ಅದ್ದಿ ತಂದವಲ್ಲ. ದಖ್ಖನಿ ಕುರಿಯ ಮೈಬಣ್ಣವೇ ಅವು. ಹೆಂಗಸರು ನೂತ ಒರಟು ಎಳೆಗೆ ಹುಣಿಸೆಬೀಜದ ಸರಿ ಹಚ್ಚಿ, ಬಿಗುವು ತಂದು, ಕುಣಿಮಗ್ಗದಲ್ಲಿ ನೇಯುವರು. ಗಿರಣಿಯ ಅಗ್ಗದ ರಗ್ಗನ್ನು ತೋರಿಸಿ ಚೌಕಾಸಿಗಿಳಿದಾಗ ಮೊದಲು ಸೋಲುವುದು ಆ ನೂಲುವ ಕೈಯೇ; ಅದರ ದುಡಿಮೆ ಬೆಲೆಯ ಲೆಕ್ಕಕ್ಕೇ ಬಾರದೆ ಹೋಗುತ್ತದೆ.

ಇದೇ ಜಿಲ್ಲೆಯ ಮೊಳಕಾಲ್ಮೂರು ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಮನ್ನಣೆ ಹೆಸರನ್ನು ಕಾಯಬಲ್ಲುದು. ಮಗ್ಗವನ್ನು ನಡೆಸುವುದು ಮಾತ್ರ ಕೊಳ್ಳುವವರ ಕೈ.

ಗೋಡೆಗೇರಿದ ಕಂಬಳಿ ಸವೆಯದು. ಒಮ್ಮೆ ಕೊಂಡರೆ ಮುಗಿಯಿತು. ಹಾಸಿ ಹೊದೆದ ಕಂಬಳಿ ಸವೆಯುತ್ತದೆ, ಸವೆದಾಗ ಮತ್ತೊಂದು ಬೇಕಾಗುತ್ತದೆ, ಮಗ್ಗ ನಿಲ್ಲದೆ ನಡೆಯುತ್ತದೆ. ಆದುದರಿಂದ ನ್ಯಾಯವಾದ ಬೆಲೆ ತೆತ್ತು, ಮನೆಗೆ ಬಂದ ಅತಿಥಿಯನ್ನು ಕಂಬಳಿಯ ಮೇಲೆ ಕುಳ್ಳಿರಿಸುವುದೇ ನೇಕಾರನಿಗೆ ಸಲ್ಲುವ ನಿಜವಾದ ಗೌರವ.